ಮೂಗೆತ್ತುವ ಕಾರುಗಳ ಊರಿನಲ್ಲಿ

ಪೊಮೋನಾ ಎಂಬುದು ರೋಮನ್ನರ ಹಣ್ಣುಹಂಪಲಿನ ದೇವತೆಯ ಹೆಸರು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಲಾಸ್ ಏಂಜಲೀಸ್ ನಗರದಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ಊರೊಂದು ಆ ಹೆಸರನ್ನು ಹೊತ್ತುಕೊಂಡಿದೆ. ಹೆಸರಿಗೆ ತಕ್ಕಂತೆ ಒಂದು ಕಾಲಕ್ಕೆ ಅದರ ಸುತ್ತಮುತ್ತ ಕಿತ್ತಳೆ ತೋಟಗಳಿದ್ದವು. ನಾನು ಹೋದ ದಿನ ಮಾತ್ರ ಮೂಗಿಗೆ ಬಡಿದದ್ದು ಹಣ್ಣಿನ ಘಮವಲ್ಲ, ಸುಟ್ಟ ರಬ್ಬರಿನ ಕಮಟು.

ಅಂದು 2023ರ ನವೆಂಬರ್ 11, ಶನಿವಾರ. ಮರುದಿನ ನರಕ ಚತುರ್ದಶಿ. ಇರ್ವೈನ್‌ನಲ್ಲಿರುವ ಮಗಳ ಮನೆಯಲ್ಲಿ ಹಂಡೆಯಿಲ್ಲ, ಒಲೆಯಿಲ್ಲ. ಆದರೂ ನೀರು ತುಂಬುವ ಹಬ್ಬದ ಸಡಗರಕ್ಕೇನೂ ಕೊರತೆಯಿರಲಿಲ್ಲ. "ಈ ವಯಸ್ಸಿನಲ್ಲಿ ನಿಮಗೆ ಕಾರ್ ರೇಸೇನಪ್ಪ? ಹೋಗ್ಲಿ, ಕತ್ತಲಾಗೋದರೊಳಗೆ ಬಂದುಬಿಡಿ" ಎಂದು ಮಗಳು ಗದರಿದಳು. "ಹತ್ತಿ ಮಾವ, ಅವಳು ಹೇಳ್ತಾನೇ ಇರ್ತಾಳೆ" ಎಂದು ಅಳಿಯ ಕಾರು ಹೊರಡಿಸಿದ. ಕಾರುಗಳ ಹುಚ್ಚು ಅವನಿಗೂ ಇಲ್ಲ. ನನಗಂತೂ ಮೊದಲೇ ಇಲ್ಲ. ತಿಪಟೂರಿನಲ್ಲಿ ಈಗಲೂ ನಾನು ಓಡಿಸುವುದು ಹಳೆಯ ಸ್ಕೂಟರು. ಆದರೆ ಈ ಜಾಗವನ್ನು ನೋಡಲೇಬೇಕೆನ್ನುವುದಕ್ಕೆ ನನ್ನದೇ ಆದ ಕಾರಣವೊಂದಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಜಾತ್ರೆ ಮೈದಾನದ ಪಕ್ಕದಲ್ಲೇ ರೇಸಿನ ದಾರಿ. ಲಾಸ್ ಏಂಜಲೀಸ್ ಜಿಲ್ಲೆಯ ಜಾತ್ರೆ ನಡೆಯುವುದೂ ಇದೇ ಆವರಣದಲ್ಲಿ. ಉತ್ತರಕ್ಕೆ ಸಾನ್ ಗೇಬ್ರಿಯಲ್ ಬೆಟ್ಟಸಾಲು. ಅದರಲ್ಲಿ 10,064 ಅಡಿ ಎತ್ತರದ ಬೋಳು ಶಿಖರಕ್ಕೆ ಜನ ಇಟ್ಟಿರುವ ಹೆಸರೂ ಬೋಳುಬೆಟ್ಟವೆಂದೇ, ಮೌಂಟ್ ಬಾಲ್ಡಿ. ಪಕ್ಕದಲ್ಲಿ ಪುಟ್ಟ ವಿಮಾನ ನಿಲ್ದಾಣ. ಇವುಗಳ ನಡುವೆ ರೂಲು ದೊಣ್ಣೆ ಹಿಡಿದು ಎಳೆದಂತೆ ನೇರವಾದ ಒಂದು ದಾರಿ. ಕಾಲು ಮೈಲಿ, ಅಂದರೆ 1,320 ಅಡಿ, ನಮ್ಮ ಲೆಕ್ಕದಲ್ಲಿ 402 ಮೀಟರ್. ತಿರುವಿಲ್ಲ, ಏರಿಲ್ಲ. ಎರಡು ಗಾಡಿಗಳು ಅಕ್ಕಪಕ್ಕ ನಿಲ್ಲುತ್ತವೆ. ನಡುವೆ ಇರುವ ಕಂಬದಲ್ಲಿ ಹಳದಿ ದೀಪಗಳು ಹೊತ್ತಿ ಹಸಿರು ಬರುತ್ತಿದ್ದಂತೆ ಹೊರಡುತ್ತವೆ. ಕ್ರಿಸ್‌ಮಸ್ ಮರವೆಂದು ಕರೆಯುವ ಈ ದೀಪದ ಕಂಬ ಬಂದದ್ದು 1963ರಲ್ಲಿ. ಅದಕ್ಕೆ ಮೊದಲು ಒಬ್ಬಾತ ಬಾವುಟ ಹಿಡಿದು ಎಗರಿ ಸೂಚನೆ ಕೊಡುತ್ತಿದ್ದ. ಯಾರು ಮೊದಲು ಆಚೆ ತುದಿ ಮುಟ್ಟಿದರೋ ಅವರು ಗೆದ್ದರು. ಇದಕ್ಕೆ ಡ್ರ್ಯಾಗ್ ರೇಸ್ ಎಂದು ಹೆಸರು. ನಮ್ಮ ಕರಾವಳಿಯ ಕಂಬಳ ನೋಡಿದವರಿಗೆ ಇದರ ರುಚಿ ಬೇಗ ಹತ್ತುತ್ತದೆ. ಅಲ್ಲಿಯೂ ಜೋಡಿ ಕರೆ, ಅಲ್ಲಿಯೂ ಹೊರಡುವ ಗಳಿಗೆಯಲ್ಲೇ ಅರ್ಧ ತೀರ್ಮಾನ.

ನಾವು ಮೆಟ್ಟಿಲ ಮೇಲೆ ಕೂರುತ್ತಿದ್ದಂತೆ ಟಾಪ್ ಫ್ಯುಯೆಲ್ ಎಂಬ ವರ್ಗದ ಎರಡು ಉದ್ದನೆಯ ಬಾಣದಂಥ ಗಾಡಿಗಳು ಬಂದು ನಿಂತವು. ನೈಟ್ರೋಮೀಥೇನ್ ಕುಡಿಯುವ ಈ ರಾಕ್ಷಸರ ಶಕ್ತಿ 11,000 ಅಶ್ವಶಕ್ತಿಗೂ ಮಿಗಿಲಂತೆ. ಹೊರಟಾಗ ನನ್ನ ಎದೆಗೂಡು ತಮಟೆಯಂತೆ ನಡುಗಿತು. ಅಳಿಯ ಏನೋ ಕಿರುಚಿ ಹೇಳಿದ, ಕೇಳಿಸಲಿಲ್ಲ. ನಾಲ್ಕು ಸೆಕೆಂಡು ಕಳೆಯುವುದರೊಳಗೆ ಎಲ್ಲ ಮುಗಿದಿತ್ತು. 2008ರಲ್ಲಿ ಸ್ಕಾಟ್ ಕಲಿಟಾ ಎಂಬ ಚಾಲಕ ಸತ್ತ ಮೇಲೆ ಈ ವರ್ಗದವರ ಓಟವನ್ನು 1,000 ಅಡಿಗೆ ಇಳಿಸಿದ್ದಾರೆ. ಅಷ್ಟರಲ್ಲೇ ಗಂಟೆಗೆ 500 ಕಿಲೋಮೀಟರ್ ದಾಟುತ್ತವೆ. ಜನ ಮುಖ್ಯವಾಗಿ ಬರುವುದು ಇದಕ್ಕೇ. ನನಗೋ, ಒಂದು ಓಟ ನೋಡಿದ ಮೇಲೆ ಸಾಕೆನಿಸಿತು.

ನಾನು ಕಾಯುತ್ತಿದ್ದದ್ದು ಸಾಮಾನ್ಯ ಕಾರುಗಳಿಗಾಗಿ. ಅವುಗಳ ಸರದಿಯೂ ಬಂತು. 1960–70ರ ದಶಕದ, ಸಿನಿಮಾಗಳಲ್ಲಿ ಕಾಣುವಂಥ ಅಗಲ ಬಾನೆಟ್ಟಿನ ಕಾರುಗಳು. ಹೊರನೋಟಕ್ಕೆ ಸಂಸಾರಸ್ಥರ ಕಾರುಗಳೇ. ಮೊದಲು ನೀರಿನ ಗುಂಡಿಯಲ್ಲಿ ಹಿಂದಿನ ಚಕ್ರ ಗಿರಗಿರನೆ ತಿರುಗಿಸಿ, ಹೊಗೆ ಎಬ್ಬಿಸಿ, ಟೈರು ಬಿಸಿ ಮಾಡಿಕೊಂಡರು. ಬಿಸಿಯಾದ ರಬ್ಬರು ನೆಲಕ್ಕೆ ಇನ್ನಷ್ಟು ಅಂಟುತ್ತದೆ. ಆಮೇಲೆ ಗೆರೆಗೆ ಬಂದು ನಿಂತರು. ದೀಪ ಹಸಿರಾಯಿತು. ಒಂದೂವರೆ ಟನ್ ತೂಕದ ಕಾರು ಮುಂದಿನ ಎರಡೂ ಚಕ್ರ ಎತ್ತಿಕೊಂಡು, ಗುಟುರು ಹಾಕುವ ಗೂಳಿಯ ಹಾಗೆ, ಹಿಂದಿನ ಎರಡೇ ಚಕ್ರದ ಮೇಲೆ ಮೂರು ನಾಲ್ಕು ಕಾರಿನುದ್ದ ಓಡಿತು. ಸುತ್ತಲಿನ ಜನ "ಹೋ" ಎಂದರು. ನಾನು ಎದ್ದು ನಿಂತಿದ್ದೆನೆಂದು ಅಳಿಯ ತೋಳು ಹಿಡಿದು ಕೂರಿಸಿದ ಮೇಲೆಯೇ ಗೊತ್ತಾದದ್ದು.

ಕಾರು ಮೂಗೆತ್ತುವುದೇಕೆ? ಎತ್ತಿನ ಗಾಡಿ ಕಂಡ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆಂಗಿನಕಾಯಿ ಹೇರುವಾಗ ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕೊರಳಿಗೆ ತಗುಲಿಕೊಳ್ಳುತ್ತದೆ. ಅಚ್ಚಿನ ಹಿಂದಿನ ತೂಕ ಮುಂದಿನದನ್ನು ಮೀರಿಸಿತು, ಅಷ್ಟೆ. ಕಾರಿನಲ್ಲಿ ಹೊರೆ ಯಾರೂ ಹಿಂದಕ್ಕೆ ಸರಿಸುವುದಿಲ್ಲ. ವೇಗೋತ್ಕರ್ಷವೇ ಆ ಕೆಲಸ ಮಾಡುತ್ತದೆ. ಟೈರು ನೆಲವನ್ನು ಹಿಂದಕ್ಕೆ ಒದೆಯುವುದು ತಳದಲ್ಲಿ; ಕಾರಿನ ತೂಕ ಕುಳಿತಿರುವುದು ಅದಕ್ಕಿಂತ ಅರ್ಧ ಮೀಟರಿಗೂ ಎತ್ತರದಲ್ಲಿ. ಬಸ್ಸು ಜಗ್ಗನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವಂತೆ ಇಡೀ ಕಾರೇ ಹಿಂದಕ್ಕೆ ವಾಲುತ್ತದೆ. ಮುಂದಿನ ಚಕ್ರಗಳ ಮೇಲಿದ್ದ ಭಾರ ಹಿಂದಿನವುಗಳ ಮೇಲೆ ಬೀಳುತ್ತದೆ.

ಎಷ್ಟು ಭಾರ? ಪರೀಕ್ಷೆಗೆ ಓದುವ ಮಕ್ಕಳು ಈ ಲೆಕ್ಕವನ್ನು ಮಾಡಿ ನೋಡಬಹುದು. ಕಾರಿನ ತೂಕವನ್ನು ವೇಗೋತ್ಕರ್ಷದಿಂದಲೂ (ಗುರುತ್ವದ ಎಷ್ಟು ಪಾಲು ಎಂಬ ಲೆಕ್ಕದಲ್ಲಿ) ಗುರುತ್ವಕೇಂದ್ರದ ಎತ್ತರದಿಂದಲೂ ಗುಣಿಸಿ, ಮುಂದಿನ ಹಿಂದಿನ ಅಚ್ಚುಗಳ ನಡುವಿನ ದೂರದಿಂದ ಭಾಗಿಸಿ. 1,500 ಕೆ.ಜಿ. ಕಾರು, ಗುರುತ್ವದ 1.7 ಪಟ್ಟು ವೇಗೋತ್ಕರ್ಷ, ಎತ್ತರ 0.55 ಮೀಟರ್, ಅಚ್ಚುಗಳ ನಡುವೆ 2.74 ಮೀಟರ್. ಉತ್ತರ 500 ಕೆ.ಜಿ.ಗೆ ಮೇಲೆ! ಹೊರಡುವ ಕ್ಷಣದ ಏಟು ಸರಾಸರಿಗಿಂತಲೂ ಜೋರಾಗಿರುತ್ತದೆ. ಆಗ ಮುಂದಿನ ಚಕ್ರಗಳ ಮೇಲೆ ಉಳಿಯುವುದು ಸೊನ್ನೆಯಾದರೆ ಅವು ಏಳುತ್ತವೆ.

ಈಗ ನನ್ನ ಕಾರಣ ಹೇಳುತ್ತೇನೆ. ನಾನು ಪಿ.ಯು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದವನು. ನಿವೃತ್ತಿಗೆ ಎರಡು ವರ್ಷ ಮುಂಚೆ, 2016ರಲ್ಲಿ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಬೈಕಿನ ಮುಂದಿನ ಚಕ್ರ ಏಳಬೇಕಾದರೆ ಎಷ್ಟು ವೇಗೋತ್ಕರ್ಷ ಬೇಕು?" ಎಂದು ಕೇಳಿದ. ತರಗತಿ ನಕ್ಕಿತು. ನಾನು ನಗಲಿಲ್ಲ. ವರ್ಷಕ್ಕೊಂದು ಒಳ್ಳೆಯ ಪ್ರಶ್ನೆ ಬಂದರೆ ಮೇಷ್ಟ್ರಿಗೆ ಅದೇ ಹಬ್ಬ. ಬೋರ್ಡಿನ ಮೇಲೆ ಬೈಕು ಬರೆದೆ. ಹಿಂದಿನ ಅಚ್ಚಿನಿಂದ ಗುರುತ್ವಕೇಂದ್ರ ಎಷ್ಟು ಮುಂದಿದೆ, ನೆಲದಿಂದ ಎಷ್ಟು ಎತ್ತರದಲ್ಲಿದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಗುರುತ್ವದಿಂದ ಗುಣಿಸಿದರೆ ಉತ್ತರ. ಸವಾರ ಹಿಂದಕ್ಕೆ ಸರಿದು ಕುಳಿತರೆ ಇನ್ನೂ ಕಡಿಮೆ ಸಾಕು ಎಂದೂ ಹೇಳಿದೆ. ಹುಡುಗ ಎಲ್ಲವನ್ನೂ ಬರೆದುಕೊಂಡ. ಮೂರು ವಾರದ ಮೇಲೆ ಊರ ಹೊರಗಿನ ಹೆದ್ದಾರಿಯಲ್ಲಿ ವೀಲಿಂಗ್ ಮಾಡಲು ಹೋಗಿ ಬಿದ್ದ. ಎಡಗಾಲು ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ನೋಡಲು ಹೋದರೆ ಅವನ ತಾಯಿ ನನ್ನ ಮುಖ ನೋಡಲಿಲ್ಲ. ಹುಡುಗ ಮಾತ್ರ ಮೆಲ್ಲಗೆ, "ಸಾರ್, ಲೆಕ್ಕ ಸರಿಯಾಗೇ ಇತ್ತು" ಎಂದ.

ಆ ಮಾತು ಏಳು ವರ್ಷ ನನ್ನ ಬೆನ್ನ ಹಿಂದೆಯೇ ಬಂತು. ಲೆಕ್ಕ ಸರಿಯಿತ್ತು, ನಿಜ. ಆದರೆ ಅರ್ಧ ಲೆಕ್ಕ. ಚಕ್ರ ಎದ್ದ ಮೇಲೆ ಏನಾಗುತ್ತದೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದನ್ನು ಬಲ್ಲವರು, ಬಲ್ಲದೆ ಬದುಕಲಾಗದವರು, ಇರುವ ಜಾಗ ಪೊಮೋನಾ ಎಂದು ಎಲ್ಲೋ ಓದಿದ್ದೆ.

ಇಲ್ಲಿಯ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಟಿಕೆಟ್ ಕೊಂಡ ಯಾರು ಬೇಕಾದರೂ ಕಾರು ಸಜ್ಜುಗೊಳಿಸುವ ಬಿಡಾರಗಳಿಗೆ ಹೋಗಬಹುದು, ಮಾತಾಡಿಸಬಹುದು. ಕೋಟಿಗಟ್ಟಲೆ ಸುರಿಯುವ ದೊಡ್ಡ ತಂಡಗಳ ಸಾಲು ಒಂದು ಕಡೆ. ಸ್ವಂತ ದುಡ್ಡಿನಲ್ಲಿ, ಹೆಂಡತಿ ಮಕ್ಕಳೊಂದಿಗೆ ಬಂದವರ ಸಾಲು ಇನ್ನೊಂದು ಕಡೆ. ಎರಡನೆಯ ಸಾಲಿನಲ್ಲಿ ಗಿರಾಕಿಗಳು ಕಡಿಮೆ, ಮಾತು ಜಾಸ್ತಿ. ಅಲ್ಲಿ 1970ರ ಪ್ಲಿಮತ್ ಡಸ್ಟರ್ ಕಾರೊಂದರ ಕೆಳಗೆ ಮಲಗಿದ್ದ, ನನ್ನಷ್ಟೇ ವಯಸ್ಸಾದ ಒಬ್ಬರ ಕಾಲುಗಳು ಕಂಡವು. ಪಕ್ಕದಲ್ಲಿ ಮಡಿಸುವ ಕುರ್ಚಿಯಲ್ಲಿ ಅವರ ಹೆಂಡತಿ, ತೊಡೆಯ ಮೇಲೆ ದಪ್ಪ ನೋಟುಪುಸ್ತಕ. ಮೊಮ್ಮಗನೊಬ್ಬ ಟೈರಿನ ಗಾಳಿ ಅಳೆಯುತ್ತಿದ್ದ. ನಾನು ಭೌತಶಾಸ್ತ್ರದ ಮೇಷ್ಟ್ರು, ಭಾರತದವನು, ಮುಂದಿನ ಚಕ್ರ ಏಳುವುದರ ಬಗ್ಗೆ ತಿಳಿಯಬೇಕಾಗಿದೆ ಎಂದು ಅಳಿಯನ ಸಹಾಯದಿಂದ ಹೇಳಿದೆ. ಕಾಲುಗಳು ಹೊರಬಂದವು, ಆಮೇಲೆ ನಗುಮುಖ.

"ಏಳಿಸುವುದನ್ನೋ, ಏಳದಂತೆ ಮಾಡುವುದನ್ನೋ?" ಎಂದು ಅವರು ಕೇಳಿದರು.

ಮುಂದಿನ ಒಂದು ಗಂಟೆ ನಾನು ವಿದ್ಯಾರ್ಥಿ. ಅವರು ಮೊದಲು ತೋರಿಸಿದ್ದು ಮುಂದಿನ ಸ್ಪ್ರಿಂಗು. ಉದ್ದ, ಮೆದು, ಕಾರಿನ ಭಾರಕ್ಕೆ ಚೆನ್ನಾಗಿ ಕುಗ್ಗಿ ಕುಳಿತಿರುತ್ತದೆ. ಭಾರ ಹಿಂದಕ್ಕೆ ಸರಿಯತೊಡಗಿದ ಕೂಡಲೇ ಅದುಮಿಟ್ಟ ಬಲವೆಲ್ಲ ಬಿಚ್ಚಿಕೊಂಡು ಮೂಗನ್ನು ಮೇಲಕ್ಕೆ ತಳ್ಳುತ್ತದೆ. ಅದರ ಜೊತೆಗಾರ ಶಾಕ್ ಅಬ್ಸಾರ್ಬರ್. ಇದು ನಮ್ಮ ಗಾಡಿಗಳ ಶಾಕಿನಂತಲ್ಲ. ಹಿಗ್ಗುವಾಗ ಸಲೀಸು, ಕುಗ್ಗುವಾಗ ಬಿಗಿ. ಹಳಬರು ಇದನ್ನು ತೊಂಬತ್ತು–ಹತ್ತು ಶಾಕ್ ಎನ್ನುತ್ತಾರೆ: ತಡೆಯುವ ಶಕ್ತಿಯಲ್ಲಿ ತೊಂಬತ್ತು ಪಾಲು ಕುಗ್ಗುವುದರ ವಿರುದ್ಧ, ಹತ್ತು ಪಾಲು ಹಿಗ್ಗುವುದರ ವಿರುದ್ಧ. ಮೂಗು ಬೇಗ ಏಳುತ್ತದೆ, ನಿಧಾನವಾಗಿ ಇಳಿಯುತ್ತದೆ. ಇಳಿಯುವುದು ತಡವಾದಷ್ಟು ಹೊತ್ತು ಭಾರ ಹಿಂದಿನ ಟೈರುಗಳ ಮೇಲೆ ಉಳಿಯುತ್ತದೆ. ಭಾರ ಹೆಚ್ಚಾದಷ್ಟೂ ಘರ್ಷಣೆ ಹೆಚ್ಚು, ಘರ್ಷಣೆ ಹೆಚ್ಚಾದಷ್ಟೂ ಟೈರು ಜಾರದೆ ಒದೆಯಬಲ್ಲದು. ಮೂಗೆತ್ತುವ ಆಟದ ಗುಟ್ಟೆಲ್ಲ ಇಷ್ಟೇ. ಮೂಗಿಗಾಗಿ ಮೂಗಲ್ಲ, ಬೆನ್ನಿಗಾಗಿ.

ಹಿಂಭಾಗದಲ್ಲಿ ಇನ್ನೂ ಸ್ವಾರಸ್ಯ ಕಾದಿತ್ತು. ಡಸ್ಟರ್ ಕಾರಿನ ಹಿಂದಿರುವುದು ಲಾರಿಗಳಲ್ಲಿ ಕಾಣುವಂಥ ಪಟ್ಟಿ ಸ್ಪ್ರಿಂಗು. ಎಂಜಿನ್ನು ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ, ನ್ಯೂಟನ್ನನ ಮೂರನೆಯ ನಿಯಮದಂತೆ ಅಚ್ಚಿನ ಕವಚ ಹಿಂದಕ್ಕೆ ತಿರುಚಿಕೊಳ್ಳಲು ನೋಡುತ್ತದೆ. ಪಟ್ಟಿ ಹಾವಿನಂತೆ ಬಾಗಿ, ತಕ್ಷಣ ನೆಟ್ಟಗಾಗಿ, ಮತ್ತೆ ಬಾಗಿ, ಟೈರು ಕಪ್ಪೆಯಂತೆ ಕುಪ್ಪಳಿಸತೊಡಗುತ್ತದೆ. ಕುಪ್ಪಳಿಸುವ ಟೈರು ಅರ್ಧ ಹೊತ್ತು ಗಾಳಿಯಲ್ಲಿ! 1960ರ ದಶಕದಲ್ಲಿ ಕ್ರೈಸ್ಲರ್ ಕಂಪನಿಯ ಎಂಜಿನಿಯರುಗಳು ಇದಕ್ಕೆ ಉಪಾಯ ಕಂಡುಹಿಡಿದರು. ಅಚ್ಚಿಗಿಂತ ಮುಂದಿರುವ ಪಟ್ಟಿಯ ಭಾಗವನ್ನು ಗಿಡ್ಡಗೆ, ಗಟ್ಟಿಯಾಗಿ ಮಾಡಿದರು. ಅದು ಸ್ಪ್ರಿಂಗಿನಂತೆ ಬಾಗುವುದನ್ನು ಬಿಟ್ಟು ತಳ್ಳುವ ಸರಳಿನಂತೆ ಕೆಲಸ ಮಾಡಿತು. ಅಚ್ಚಿನ ಮೂತಿಯ ಮೇಲೆ ಒಂದು ರಬ್ಬರಿನ ಉಂಡೆ ಕೂರಿಸಿದರು. ಮೂತಿ ಮೇಲೇಳಲು ಹೊರಟರೆ ಉಂಡೆ ಕಾರಿನ ತಳಕ್ಕೆ ಗುದ್ದಿ ತಡೆಯುತ್ತದೆ. ಹಾಗೆ ಗುದ್ದಿದ ಏಟು ಕಾರನ್ನು ಮೇಲಕ್ಕೂ ಟೈರನ್ನು ಕೆಳಕ್ಕೂ ಒತ್ತುತ್ತದೆ. ಬಲಗಡೆಯ ಪಟ್ಟಿಯನ್ನು ಎಡಗಡೆಗಿಂತ ಬಿಗಿಯಾಗಿಟ್ಟರು. ಏಕೆಂದರೆ ಎಂಜಿನ್ನಿನಿಂದ ಬರುವ ತಿರುಚು ಹಿಂದಿನ ಅಚ್ಚಿನ ಬಲಗಡೆಯ ಟೈರನ್ನು ನೆಲದಿಂದ ಎತ್ತಲು ನೋಡುತ್ತದೆ. ಆ ಉಂಡೆಯನ್ನು ನಾನು ಕೈಯಲ್ಲಿ ಮುಟ್ಟಿ ನೋಡಿದೆ. ಒಂದು ಕಿತ್ತಳೆಗಿಂತ ದೊಡ್ಡದಿರಲಿಲ್ಲ.

ಪಕ್ಕದ ಬಿಡಾರದ ಕೊರ್ವೆಟ್ ಕಾರಿನಲ್ಲಿ ಪಟ್ಟಿ ಸ್ಪ್ರಿಂಗೇ ಇಲ್ಲ. ಅಚ್ಚನ್ನು ನಾಲ್ಕು ಸರಳುಗಳು ಹಿಡಿದಿವೆ, ಒಂದೊಂದು ಬದಿಗೆ ಮೇಲೊಂದು, ಕೆಳಗೊಂದು. ಸರಳು ಕೂರಿಸುವ ತಗಡಿನಲ್ಲಿ ಸಾಲಾಗಿ ತೂತುಗಳು. ಪಕ್ಕದಿಂದ ನೋಡಿ, ಮೇಲಿನ ಸರಳನ್ನೂ ಕೆಳಗಿನ ಸರಳನ್ನೂ ಗೆರೆಗಳೆಂದು ಭಾವಿಸಿ ಮುಂದಕ್ಕೆ ಎಳೆಯುತ್ತ ಹೋದರೆ ಎಲ್ಲೋ ಒಂದು ಕಡೆ ಸೇರುತ್ತವೆ. ಕಣ್ಣಿಗೆ ಕಾಣದ ಆ ಬಿಂದುವಿನಲ್ಲೇ ಅಚ್ಚು ಕಾರನ್ನು ತಳ್ಳುತ್ತಿದೆ ಎಂದು ತಿಳಿಯಬೇಕು. ಒಂದು ತೂತು ಬದಲಿಸಿದರೆ ಬಿಂದು ಎಷ್ಟೋ ದೂರ ಜಿಗಿಯುತ್ತದೆ. ಬಿಂದು ಹಿಂದಕ್ಕೆ, ಅಚ್ಚಿಗೆ ಹತ್ತಿರ ಬಂದರೆ ಟೈರಿಗೆ ಬೀಳುವ ಏಟು ಚುರುಕು. ಮುಂದಕ್ಕೂ ಕೆಳಕ್ಕೂ ಹೋದರೆ ಏಟು ಮೆತ್ತಗೆ, ಮೂಗು ತಗ್ಗಿ ನಡೆಯುತ್ತದೆ. ಒಂದು ಮಾತು ಮಾತ್ರ ನೆನಪಿಡಬೇಕು: ಸರಳುಗಳನ್ನು ಎಲ್ಲಿಗೆ ಸರಿಸಿದರೂ ಹಿಂದಕ್ಕೆ ಸಾಗುವ ಒಟ್ಟು ಭಾರ ಹೆಚ್ಚಾಗುವುದಿಲ್ಲ. ಅದನ್ನು ತೀರ್ಮಾನಿಸುವುದು ಮೊದಲು ಹೇಳಿದ ತೂಕ, ಎತ್ತರ, ಉದ್ದ, ವೇಗೋತ್ಕರ್ಷಗಳೇ. ಸರಳುಗಳು ತೀರ್ಮಾನಿಸುವುದು ಆ ಭಾರ ಎಷ್ಟು ಬೇಗ, ಯಾವ ದಾರಿಯಲ್ಲಿ ಟೈರಿಗೆ ಮುಟ್ಟಬೇಕೆಂಬುದನ್ನು. ಇದನ್ನು ಕೊರ್ವೆಟ್‌ನ ಮಾಲೀಕ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ. ಆ ಸೀಮೆಸುಣ್ಣವನ್ನು ಕಸಿದುಕೊಳ್ಳದಿರಲು ನಾನು ಪಟ್ಟ ಪಾಡು ನನಗೇ ಗೊತ್ತು.

ಆದರೆ ಆ ದಿನದ ನಿಜವಾದ ಪಾಠ ಸಿಕ್ಕಿದ್ದು ಡಸ್ಟರಿನ ಅಜ್ಜಿಯ ನೋಟುಪುಸ್ತಕದಲ್ಲಿ. ಒಂದೊಂದು ಓಟಕ್ಕೆ ಒಂದೊಂದು ಸಾಲು: ಹವೆ, ನೆಲದ ಬಿಸಿ, ಟೈರಿನ ಗಾಳಿ, ಶಾಕಿನ ತಿರುಪು ಎಷ್ಟು ಸುತ್ತು, ಮೊದಲ 60 ಅಡಿಗೆ ತೆಗೆದುಕೊಂಡ ಕಾಲ. ಪ್ರಯೋಗಾಲಯದ ರೆಕಾರ್ಡ್ ಇಷ್ಟು ಶುದ್ಧವಾಗಿ ಬರೆಯುವ ವಿದ್ಯಾರ್ಥಿ ನನಗೆ ಸಿಕ್ಕಿದ್ದು ಅಪರೂಪ. ಮೊದಲ 60 ಅಡಿ, ಅಂದರೆ 18.3 ಮೀಟರ್, ಇವರ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ. ಅವರ ಕಾರಿಗೆ ಅದು ಸುಮಾರು 1.4 ಸೆಕೆಂಡು. ಮಕ್ಕಳು ವೇಗೋತ್ಕರ್ಷ ಕಂಡುಹಿಡಿಯಲಿ; ಗುರುತ್ವದ 1.9 ಪಟ್ಟು ಬರುತ್ತದೆ. ಬೆಳಕಿನ ಕಿರಣ ಬಿಟ್ಟು ಗಡಿಯಾರ ಶುರುವಾಗುವ ಮೊದಲೇ ಚಕ್ರ ಒಂದಿಷ್ಟು ಉರುಳಿರುವುದರಿಂದ ನಿಜವಾದ ಬೆಲೆ ಅದಕ್ಕಿಂತ ಸ್ವಲ್ಪ ಕಡಿಮೆ. ಹಿಂದೆ ಕೊಟ್ಟ 1.7 ಅಲ್ಲಿಂದಲೇ ಬಂದದ್ದು. ಪುಸ್ತಕದ ಒಂದು ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯ ಗುರುತಿತ್ತು. ಅದೇನೆಂದು ಕೇಳಿದೆ.

"ಅವತ್ತು ಇವರ ಕಾರು ಎಲ್ಲ ದಿನಕ್ಕಿಂತ ಒಂದಡಿ ಹೆಚ್ಚು ಎತ್ತರಕ್ಕೆ ಎದ್ದಿತ್ತು. ಫೋಟೊ ಚೆನ್ನಾಗಿ ಬಂತು. 60 ಅಡಿಗೆ ಹಿಡಿದ ಕಾಲ ಮಾತ್ರ ಎರಡು ನೂರನೇ ಸೆಕೆಂಡು ಹೆಚ್ಚಾಯಿತು" ಎಂದರು ಅಜ್ಜಿ.

ಅಷ್ಟೇ! ಮುಂದಕ್ಕೆ ಹೋಗಬೇಕಾದ ಬಲ ಮೇಲಕ್ಕೆ ಹೋಯಿತು. ಮುಂದಿನ ಚಕ್ರ ನೆಲದಿಂದ ಕೊಂಚ ಬಿಟ್ಟರೆ ಸಾಕು, ಭಾರವೆಲ್ಲ ಆಗಲೇ ಹಿಂದಿನ ಟೈರಿನ ಮೇಲಿದೆ; ಅದಕ್ಕಿಂತ ಮೇಲೇರಿದ ಪ್ರತಿ ಇಂಚೂ ವ್ಯರ್ಥ. ಇವರ ವರ್ಗದಲ್ಲಿ ಇನ್ನೊಂದು ನಿಯಮವಿದೆ. ಓಡುವ ಮೊದಲೇ ತಾವು ಎಷ್ಟು ಸೆಕೆಂಡಿಗೆ ಮುಟ್ಟುತ್ತೇವೆಂದು ಕಾರಿನ ಗಾಜಿನ ಮೇಲೆ ಬರೆಯಬೇಕು. ನಿಧಾನದ ಕಾರಿಗೆ ಅಷ್ಟು ಮುಂಚೆ ಹೊರಡಲು ಅವಕಾಶ. ಬರೆದದ್ದಕ್ಕಿಂತ ಬೇಗ ಓಡಿದರೆ ಸಾಮಾನ್ಯವಾಗಿ ಸೋತಂತೆಯೇ! ಹೀಗಾಗಿ ಒಮ್ಮೆ ಎರಡಡಿ, ಒಮ್ಮೆ ಅರ್ಧ ಅಡಿ ಏಳುವ ಕಾರು ಅವರಿಗೆ ಬೇಡ.

ಹಾಗಾದರೆ ಏಳದಂತೆ ಮಾಡುವುದು ಹೇಗೆ? ಮುಂದಿನ ಶಾಕನ್ನು ಹಿಗ್ಗದಂತೆ ಬಿಗಿ ಮಾಡುತ್ತಾರೆ. ಒಂದು ಮಿತಿಗಿಂತ ಮೇಲೇಳದಂತೆ ಪಟ್ಟಿ ಕಟ್ಟುತ್ತಾರೆ. ಕೆಲವು ಕಾರುಗಳ ಹಿಂದೆ, ಮಕ್ಕಳ ಸೈಕಲ್ಲಿಗಿರುವಂತೆ, ಪುಟ್ಟ ಚಕ್ರಗಳಿರುವ ಉದ್ದನೆಯ ಸರಳುಗಳು ಚಾಚಿಕೊಂಡಿರುತ್ತವೆ. ಮೂಗು ಹೆಚ್ಚು ಎದ್ದರೆ ಆ ಚಕ್ರಗಳು ನೆಲ ಮುಟ್ಟಿ ತಡೆಯುತ್ತವೆ. ಅದಕ್ಕೂ ಬೆಲೆ ಕೊಡಬೇಕು: ಅವು ನೆಲ ಮುಟ್ಟಿದ ಕ್ಷಣ ಹಿಂದಿನ ಟೈರಿನ ಭಾರದಲ್ಲಿ ಪಾಲು ಕೇಳುತ್ತವೆ, ಟೈರು ಜಾರುತ್ತದೆ. ಟಾಪ್ ಫ್ಯುಯೆಲ್ ರಾಕ್ಷಸರಿಗೂ ಈ ಸರಳುಗಳಿವೆ. ವಿಚಿತ್ರವೆಂದರೆ ಅವಕ್ಕೆ ಸ್ಪ್ರಿಂಗೇ ಇಲ್ಲ! ಅಚ್ಚನ್ನು ನೇರವಾಗಿ ಚೌಕಟ್ಟಿಗೆ ಬಿಗಿದಿರುತ್ತಾರೆ. ಏಳೂವರೆ ಮೀಟರಿಗೂ ಮೀರಿದ ಉದ್ದದ ಚೌಕಟ್ಟು ಬಾಗುವುದು, ಮೆದು ಟೈರಿನ ಪಕ್ಕೆ ಸುಕ್ಕುಗಟ್ಟುವುದು, ಇವೇ ಅದರ ಸ್ಪ್ರಿಂಗು.

ಮೂಗೆತ್ತುವುದನ್ನೇ ಕಸುಬು ಮಾಡಿಕೊಂಡವರೂ ಇದ್ದರು. 1960ರ ದಶಕದ ಮಧ್ಯದಲ್ಲಿ ಡಾಡ್ಜ್ ಕಂಪನಿಯ ಪುಟ್ಟ ಪಿಕಪ್ ವ್ಯಾನೊಂದಕ್ಕೆ ಚಾಲಕನ ಬೆನ್ನ ಹಿಂದೆ ದೈತ್ಯ ಎಂಜಿನ್ ಕೂರಿಸಿದರು. ಅಚ್ಚುಗಳ ನಡುವೆ 90 ಇಂಚು ಮಾತ್ರ, ಭಾರವೆಲ್ಲ ಹಿಂದೆ. ಶುದ್ಧ ಹಿಂಭಾರದ ಗಾಡಿ! ರೇಸಿಗೆಂದು ಮಾಡಿದ್ದು ರೇಸಿಗೆ ನಿಲ್ಲಲಿಲ್ಲ, ಹೊರಟರೆ ಆಕಾಶ ನೋಡುತ್ತಿತ್ತು. ಬಿಲ್ ಗೋಲ್ಡನ್ ಎಂಬಾತ 'ಲಿಟಲ್ ರೆಡ್ ವ್ಯಾಗನ್' ಎಂಬ ಆ ಗಾಡಿಯನ್ನು ಹಿಂದಿನ ಚಕ್ರಗಳ ಮೇಲೆ ಓಡಿಸಿ ತೋರಿಸುತ್ತ ಊರೂರು ಸುತ್ತಿದ. ಸರ್ಕಸ್ ಎಂದು ಹೇಳಿಯೇ ಮಾಡಿದ ಸರ್ಕಸ್ ಅದು.

ಮಧ್ಯಾಹ್ನ ಊಟದ ಹೊತ್ತಿಗೆ, ಜಾತ್ರೆಯ ಆವರಣದಲ್ಲೇ ಇರುವ ರೇಸಿನ ವಸ್ತು ಸಂಗ್ರಹಾಲಯದತ್ತ ನಡೆದೆವು. 1998ರಲ್ಲಿ ತೆರೆದ ಅದಕ್ಕೆ ವಾಲಿ ಪಾರ್ಕ್ಸ್ ಅವರ ಹೆಸರಿದೆ. 'ಹಾಟ್ ರಾಡ್' ಪತ್ರಿಕೆಯ ಸಂಪಾದಕರಾಗಿದ್ದ ಪಾರ್ಕ್ಸ್ 1951ರಲ್ಲಿ ಈ ಕ್ರೀಡೆಯ ರಾಷ್ಟ್ರೀಯ ಸಂಘ ಕಟ್ಟಿದವರು. ಎರಡನೆಯ ಮಹಾಯುದ್ಧದಿಂದ ಮರಳಿದ ಯುವಕರ ಕೈಯಲ್ಲಿ ಹಳೆಯ ಕಾರು, ತಲೆಯಲ್ಲಿ ಎಂಜಿನ್ ವಿದ್ಯೆ, ಎದುರಿಗೆ ಖಾಲಿ ರಸ್ತೆ. ಕ್ಯಾಲಿಫೋರ್ನಿಯಾದ ಬೀದಿಗಳಲ್ಲಿ ರಾತ್ರಿಯೆಲ್ಲ ರೇಸು, ಸಾವು ನೋವು, ಪತ್ರಿಕೆಗಳಲ್ಲಿ ಛೀಮಾರಿ. ನಮ್ಮ ಬೆಂಗಳೂರಿನ ಹೊರವಲಯದ ರಸ್ತೆಗಳ ಸುದ್ದಿ ಓದಿದಂತೆಯೇ ಅನಿಸುತ್ತದೆ. ಪೊಮೋನಾದ ಪೊಲೀಸರು ಮಾತ್ರ ದಂಡದ ಚೀಟಿ ಹರಿಯುವುದಷ್ಟಕ್ಕೇ ನಿಲ್ಲಲಿಲ್ಲ. ಹುಡುಗರ ಜೊತೆ ಕೈಜೋಡಿಸಿ ಜಾತ್ರೆ ಮೈದಾನದ ವಾಹನ ನಿಲ್ದಾಣದಲ್ಲಿ ಜಾಗ ಕೊಡಿಸಿದರು. 1953ರ ಏಪ್ರಿಲ್‌ನಲ್ಲಿ ಸಂಘದ ಮೊದಲ ಅಧಿಕೃತ ರೇಸು ನಡೆದದ್ದು ಅಲ್ಲಿ. ಮರುವರ್ಷ ಊರೂರಿಗೆ ಹೋಗಿ ಸುರಕ್ಷಿತವಾಗಿ ರೇಸು ನಡೆಸುವುದನ್ನು ಕಲಿಸಿದ ತಂಡದ ಮುಂದಾಳು ಬಡ್ ಕೂನ್ಸ್ ಪೊಮೋನಾದ ಪೊಲೀಸ್ ಸಾರ್ಜೆಂಟನೇ!

ನಮ್ಮಲ್ಲಿ ಇಂಥ ಜಾಗಗಳು ಇಲ್ಲವೇ ಇಲ್ಲವೆಂದಲ್ಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿನಲ್ಲಿ ಬೈಕುಗಳ ರಾಷ್ಟ್ರೀಯ ಡ್ರ್ಯಾಗ್ ಸ್ಪರ್ಧೆಗಳು ನಡೆದಿವೆ. ತಿಪಟೂರಿನ ಹುಡುಗನಿಗೆ ಅದು ಎಟುಕುವ ಮಾತಲ್ಲ ಅಷ್ಟೆ. 2019ರಲ್ಲಿ ತಿದ್ದುಪಡಿಯಾದ ನಮ್ಮ ಮೋಟಾರು ವಾಹನ ಕಾಯಿದೆಯಂತೆ ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ಅಪರಾಧ ಮಾಡಿದರೆ ತಂದೆಗೆ ಅಥವಾ ಗಾಡಿಯ ಮಾಲೀಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಕಾಯಿದೆ ಬೇಕು, ಬೇಡವೆನ್ನುವುದಿಲ್ಲ. ಆದರೆ ಡಸ್ಟರಿನ ಮೊಮ್ಮಗ ಟೈರಿನ ಗಾಳಿ ಅಳೆಯುತ್ತಿದ್ದದ್ದನ್ನು ನೋಡಿದ ಮೇಲೆ ಬರೀ ಕಾಯಿದೆ ಸಾಕೆಂದು ನನಗೆ ಅನಿಸುತ್ತಿಲ್ಲ. 1992ರಿಂದ ಅಲ್ಲಿ ಮಕ್ಕಳಿಗೇ ಬೇರೆ ಓಟಗಳಿವೆ, ಅರ್ಧ ಅಳತೆಯ ಗಾಡಿಗಳಲ್ಲಿ, ಗಿಡ್ಡ ದೂರಕ್ಕೆ, ಹೆಲ್ಮೆಟ್ಟು ಬೆಲ್ಟು ಕಟ್ಟಿಕೊಂಡು.

ಸಂಜೆಯ ಮುಂಚೆ ಇನ್ನೊಂದು ಸುತ್ತು ನೋಡಿದೆವು. ಎಡಗಡೆಯ ಕಾರೊಂದು ಹೊರಟ ಕೂಡಲೇ ಮೂಗೆತ್ತಿತು, ಎತ್ತುತ್ತಲೇ ಹೋಯಿತು. ಎಲ್ಲರೂ ಕಿರುಚಿ ಕುಣಿಯುತ್ತಿದ್ದಾಗ ನನ್ನ ಅಂಗೈ ಬೆವರಿತ್ತು. ನನಗೆ ಬೋರ್ಡು ಕಾಣುತ್ತಿತ್ತು. ಮೂಗು ಏಳುತ್ತಿದ್ದಂತೆ ಗುರುತ್ವಕೇಂದ್ರ ಮೇಲಕ್ಕೆ ಹೋಗುತ್ತದೆ, ಜೊತೆಗೆ ಹಿಂದಿನ ಅಚ್ಚಿನ ಕಡೆಗೂ ಸರಿಯುತ್ತದೆ. ಭಾಜ್ಯ ಚಿಕ್ಕದಾಯಿತು, ಭಾಜಕ ದೊಡ್ಡದಾಯಿತು. ಎದ್ದ ಮೇಲೆ ಇನ್ನಷ್ಟು ಏಳಲು ಮೊದಲಿನಷ್ಟು ವೇಗೋತ್ಕರ್ಷ ಬೇಕಿಲ್ಲ! ಗಾಳಿಯಲ್ಲಿರುವ ಚಕ್ರಕ್ಕೆ ಸ್ಟೇರಿಂಗಿನ ಮಾತು ಕೇಳಿಸುವುದೂ ಇಲ್ಲ. ಚಾಲಕ ಪೆಡಲ್ ಬಿಟ್ಟ. ಕಾರು ದಡ್ಡೆಂದು ಬಿತ್ತು. ತಳ ಒಡೆದು ದಾರಿಯುದ್ದಕ್ಕೂ ಎಣ್ಣೆ. ತೊಳೆಯುವ ಗಾಡಿಗಳು ಬಂದವು. ನಾಲ್ಕು ಬೆಲ್ಟು ಕಟ್ಟಿಕೊಂಡು, ಕಬ್ಬಿಣದ ಪಂಜರದೊಳಗೆ ಕುಳಿತಿದ್ದ ಚಾಲಕ ಕೆಳಗಿಳಿದು ತಲೆ ಕೆರೆದುಕೊಂಡ. ಡಸ್ಟರ್ ಅದೇ ಸುತ್ತಿನಲ್ಲಿ ಅಂಗೈಯಗಲ ಮೂಗೆತ್ತಿ, ಸದ್ದಿಲ್ಲದೆ ಗೆದ್ದಿತು. ಚಪ್ಪಾಳೆ ಹೊಡೆದವರು ನಾವಿಬ್ಬರೇ ಇರಬೇಕು.

ಮನೆ ಸೇರಿದಾಗ ಕತ್ತಲಾಗಿತ್ತು, ಮಗಳ ಮುಖವೂ. ಮರುದಿನ ಎಣ್ಣೆ ಸ್ನಾನದ ಹೊತ್ತಿಗೂ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು.

ತಿಪಟೂರಿಗೆ ಬಂದ ವಾರದಲ್ಲೇ ಸ್ಕೂಟರು ಹತ್ತಿ ಆ ಹುಡುಗನ ಅಂಗಡಿಗೆ ಹೋದೆ. ಹುಡುಗನೆಂದೆ; ಈಗ ಅವನಿಗೆ ಇಪ್ಪತ್ತನಾಲ್ಕು. ಕುಂಟುತ್ತಲೇ ಬೈಕು ರಿಪೇರಿ ಮಾಡುತ್ತಾನೆ, ಊರಿನಲ್ಲಿ ಒಳ್ಳೆಯ ಹೆಸರಿದೆ. "ಬನ್ನಿ ಸಾರ್" ಎಂದು ಸ್ಟೂಲು ಒರೆಸಿ ಕೊಟ್ಟ. ಫೋಟೊಗಳನ್ನು ತೋರಿಸಿದೆ. ಮೂಗೆತ್ತಿದ ಕಾರನ್ನು ಒಂದು ಕ್ಷಣ ನೋಡಿ ಪಕ್ಕಕ್ಕೆ ಸರಿಸಿದ. ರಬ್ಬರ್ ಉಂಡೆಯ ಫೋಟೊ, ತೂತುಗಳ ತಗಡಿನ ಫೋಟೊ ಬಹಳ ಹೊತ್ತು ನೋಡಿದ.

"ಅವತ್ತು ನಾನು ಅರ್ಧ ಲೆಕ್ಕ ಹೇಳಿದ್ದೆನಪ್ಪ. ಇನ್ನರ್ಧ ಇವತ್ತು ತಂದಿದ್ದೇನೆ" ಎಂದೆ.

ಅವನು ಗ್ರೀಸು ಮೆತ್ತಿದ ಕೈ ಒರೆಸಿಕೊಂಡು ಬಿಲ್ ಪುಸ್ತಕದ ಹಿಂಬದಿ ತಿರುಗಿಸಿದ. ಗುರುತ್ವಕೇಂದ್ರ ಹಿಂದಿನ ಅಚ್ಚಿನಿಂದ ಎಷ್ಟು ಮುಂದೋ ನೆಲದಿಂದ ಅಷ್ಟೇ ಎತ್ತರ ಎಂದಿಟ್ಟುಕೊ ಎಂದೆ. ಬೈಕು ಬರೆದ, ಕೋನ ಗುರುತಿಸಿದ, ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದ. ನಾನು ಬಾಯಿ ಬಿಡಲಿಲ್ಲ. ನೆಲದಲ್ಲಿರುವಾಗ ಗುರುತ್ವದಷ್ಟೇ, ಅಂದರೆ 1. ಹದಿನೈದು ಡಿಗ್ರಿ ಎದ್ದರೆ 0.58. ಮೂವತ್ತಕ್ಕೆ 0.27. ನಲವತ್ತೈದರ ಮುಂದೆ ಸೊನ್ನೆ ಬರೆದು, ಅದರ ಸುತ್ತ ಒಂದು ಗೆರೆ ಎಳೆದು, ಪೆನ್ನು ಕೆಳಗಿಟ್ಟ.

"ಮೂವತ್ತರ ಹತ್ತಿರ ಇದ್ದೆ ಸಾರ್, ಅವತ್ತು" ಎಂದ.

ಅಷ್ಟರಲ್ಲಿ ಹದಿನೇಳರ ಹುಡುಗನೊಬ್ಬ ಬೈಕು ತಳ್ಳಿಕೊಂಡು ಬಂದ. ಹಿಂದಿನ ಟೈರು ನಡುವೆ ಬೋಳಾಗಿ ಸವೆದಿತ್ತು. ಇವನು ಒಮ್ಮೆ ಟೈರು ನೋಡಿದ, ಒಮ್ಮೆ ಹುಡುಗನ ಮುಖ ನೋಡಿದ. ಆಮೇಲೆ ಬಿಲ್ ಪುಸ್ತಕ ಎತ್ತಿಕೊಂಡು, "ಬಾ ಇಲ್ಲಿ, ಕೂತ್ಕೋ" ಎಂದು ನನ್ನ ಪಕ್ಕದ ಸ್ಟೂಲು ತೋರಿಸಿದ.